ಪಾರ್ಟಿಷನ್ ಗೋಡೆಯೊಳಗಿನ ಚಾನೆಲ್ ಎಲ್ಲಿದೆ ಅಂತ ಹುಡುಕೋದು ಹೇಗೆ? ಪುಸ್ತಕದ ಶೆಲ್ಫ್ ಹಾಕಬೇಕು

ವಿದ್ಯಾನಗರ_ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನದ ವಿದ್ಯಾನಗರದಲ್ಲಿ. ಹಾಲ್ ದೊಡ್ಡದಿತ್ತು, ಅದರಲ್ಲೇ ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಹಾಕಿಸಿ ಮಗಳಿಗೆ ಓದೋಕೆ ಒಂದು ಸಣ್ಣ ರೂಮು ಮಾಡಿಕೊಟ್ಟಿದ್ದೇವೆ. ಈಗ ಅದೇ ಗೋಡೆಗೆ 4 ಅಡಿ ಉದ್ದದ ಶೆಲ್ಫ್ ಹಾಕಬೇಕು. ಪಿಯುಸಿ ಪುಸ್ತಕ, ನೀಟ್ ಗೈಡು ಎಲ್ಲ ಸೇರಿ ಭಾರ ಜಾಸ್ತಿ. ಒಳಗೆ ನಿಲ್ಲಿಸಿರುವ ತಗಡಿನ ಚಾನೆಲ್‌ಗೇ ಸ್ಕ್ರೂ ಕೂರಬೇಕು, ಬರೀ ಬೋರ್ಡಿಗೆ ಹೊಡೆದರೆ ಕಿತ್ತು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಪುಟ್ಟಿ, ಪೇಂಟ್ ಎಲ್ಲ ಆದ ಮೇಲೆ ಅದು ಎಲ್ಲಿದೆ ಅಂತ ಕಾಣೋದಾದರೂ ಹೇಗೆ? ಕೆಲಸ ಮಾಡಿದವರು ಫೋನ್ ಎತ್ತುತ್ತಿಲ್ಲ. ಬೆರಳಲ್ಲಿ ತಟ್ಟಿ ನೋಡಿದರೆ ನನ್ನ ಕಿವಿಗೆ ಎಲ್ಲ ಕಡೆ ಒಂದೇ ಥರ ಡಬ್ ಡಬ್. ಯೂಟ್ಯೂಬಿನಲ್ಲಿ 16 ಇಂಚಿಗೊಂದು ಇರುತ್ತದೆ ಅನ್ನುತ್ತಾರೆ, ಮೂಲೆಯಿಂದ ಅಳೆದು ಡ್ರಿಲ್ ಮಾಡಿಬಿಡಲಾ? ಸ್ಟಡ್ ಫೈಂಡರ್ ಅಂತ ಒಂದು ಮೆಷಿನ್ ಬರುತ್ತಂತೆ, ಒಂದು ಶೆಲ್ಫಿಗೋಸ್ಕರ ಅದನ್ನು ತಗೊಳ್ಳೋದು ದಂಡ ಅನ್ನಿಸುತ್ತಿದೆ.

ಬೇಲೂರು_ಇಂಟೀರಿಯರ್

ಮೊದಲು ಡ್ರಿಲ್ ಕೆಳಗಿಡಿ ಸರ್. ಆ 16 ಇಂಚಿನ ಲೆಕ್ಕ ಅಮೆರಿಕದ ಮರದ ಫ್ರೇಮಿನ ಮನೆಗಳದ್ದು. ನಮ್ಮಲ್ಲಿ ಹಾಕೋದು ಜಿಐ (ಸತು ಲೇಪಿಸಿದ ತಗಡಿನ) ಚಾನೆಲ್, ಸಾಮಾನ್ಯವಾಗಿ 2 ಅಡಿಗೊಂದು. ಬೋರ್ಡಿನ ಅಗಲ 4 ಅಡಿ ಅಲ್ವಾ, ಹಾಗಾಗಿ ಎರಡೂ ಅಂಚಿಗೆ ಒಂದೊಂದು, ನಡುವೆ ಒಂದು. ಗಟ್ಟಿ ಕೆಲಸ ಬೇಕು ಅಂದವರಿಗೆ ಹತ್ತಿರ ಹತ್ತಿರ ಹಾಕೋದೂ ಉಂಟು. ಬಾಗಿಲು ಬಂದ ಕಡೆ ಈ ಲೆಕ್ಕವೂ ತಪ್ಪುತ್ತದೆ, ಯಾಕಂದ್ರೆ ಚೌಕಟ್ಟಿನ ಎರಡೂ ಪಕ್ಕ ಬೇರೆ ಚಾನೆಲ್ ನಿಲ್ಲಿಸಿರುತ್ತಾರೆ. ಕೆಲಸದವರು ಮೂಲೆಯಿಂದ ಶುರು ಮಾಡಿದರೋ ಬಾಗಿಲಿಂದ ಶುರು ಮಾಡಿದರೋ, ಕೊಯ್ದ ತುಂಡು ಬೋರ್ಡ್ ಯಾವ ಕಡೆಗೆ ಹೋಯಿತೋ, ಹೊರಗಿನಿಂದ ಹೇಳೋಕೆ ಆಗಲ್ಲ. ಟೇಪ್ ಹಿಡಿದು ಅಳೆದರೆ ಎಲ್ಲಿಂದ ಹುಡುಕಬೇಕು ಅಂತ ಗೊತ್ತಾಗುತ್ತದೆ, ಅಷ್ಟೇ.

ಮೆಷಿನ್ ಬೇಡ, ಒಂದು ಒಳ್ಳೆ ಮ್ಯಾಗ್ನೆಟ್ ಸಾಕು. ಫ್ರಿಜ್ ಮೇಲೆ ಅಂಟಿಸೋ ಗೊಂಬೆ ಮ್ಯಾಗ್ನೆಟ್ ನಡೆಯಲ್ಲ, ಶಕ್ತಿ ಸಾಲದು. ಕೆಟ್ಟುಹೋದ ಕಂಪ್ಯೂಟರ್ ಹಾರ್ಡ್ ಡಿಸ್ಕಿನೊಳಗೆ ನಿಯೋಡಿಮಿಯಂ ಮ್ಯಾಗ್ನೆಟ್ ಇರುತ್ತದೆ, ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ಪೇಂಟ್ ಗೀಚದ ಹಾಗೆ ಅದಕ್ಕೆ ಟೇಪ್ ಸುತ್ತಿ, ದಾರಕ್ಕೆ ಕಟ್ಟಿ ಗೋಡೆಗೆ ತಾಗುವ ಹಾಗೆ ಇಳಿಬಿಟ್ಟು ನಿಧಾನವಾಗಿ ಅಡ್ಡಕ್ಕೆ ಸರಿಸುತ್ತಾ ಹೋಗಿ. ಬೋರ್ಡ್ ಹಿಡಿದಿರುವ ಸ್ಕ್ರೂ ತಲೆ ಪುಟ್ಟಿಯ ಕೆಳಗೇ ಇರುತ್ತದೆ, ಅದರ ಹತ್ತಿರ ಬಂದ ಕೂಡಲೇ ಮ್ಯಾಗ್ನೆಟ್ ಓಲಾಡಿ ಚಕ್ ಅಂತ ಕಚ್ಚಿಕೊಳ್ಳುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನೇರ ಮೇಲಕ್ಕೆ, ನೇರ ಕೆಳಕ್ಕೆ 8ರಿಂದ 12 ಇಂಚಿನೊಳಗೆ ಇನ್ನೊಂದು ಸಿಗಬೇಕು. ಒಂದೇ ಗೆರೆಯಲ್ಲಿ ಮೂರ್ನಾಲ್ಕು ಸಿಕ್ಕಿದರೆ ಅದೇ ಚಾನೆಲ್. ಒಂದೇ ಒಂದು ಸಿಕ್ಕಿದರೆ ನಂಬಬೇಡಿ, ಯಾರೋ ಹಿಂದೆ ಹೊಡೆದ ಮೊಳೆಯೂ ಇರಬಹುದು. ಕೆಲವು ಕಡೆ ಇಂಚಿನಷ್ಟು ಅಂತರದಲ್ಲಿ ಅಕ್ಕಪಕ್ಕ ಎರಡು ಸಾಲು ಸಿಗುತ್ತವೆ, ಗಾಬರಿ ಬೇಡ, ಅದು ಜಾಯಿಂಟ್. ಎರಡು ಬೋರ್ಡಿನ ಅಂಚು ಒಂದೇ ಚಾನೆಲ್ ಮೇಲೆ ಕೂತಿರುತ್ತದೆ, ಆ ಎರಡು ಸಾಲಿನ ನಡುವೆಯೇ ನಿಮ್ಮ ಚಾನೆಲ್.

ಕೊಪ್ಪದ_ಕಡೆಯವ

ಮಾರಾಯ್ರೇ, ಒಳಗೆ ಇರೋದು ತಗಡೇ ಅಂತ ಖಾತ್ರಿಯಾ? ನಮ್ಮ ಕಡೆ ತೋಟದಲ್ಲಿ ಸಿಲ್ವರ್ ಓಕ್ ಇದ್ದವರು ಅದನ್ನೇ ಕೊಯ್ಸಿ ರೀಪಿನ ಫ್ರೇಮ್ ಮಾಡಿ ಮೇಲೆ ಬೋರ್ಡೋ ಪ್ಲೈವುಡ್ಡೋ ಹೊಡೆಸುತ್ತಾರೆ. ಮರದ ರೀಪಾದರೆ ಮ್ಯಾಗ್ನೆಟ್‌ಗೆ ಸ್ಕ್ರೂ ಇಲ್ಲವೇ ಮೊಳೆಯ ತಲೆ ಮಾತ್ರ ಸಿಗುತ್ತದೆ, ನಡುವೆ ಏನೂ ಇಲ್ಲ. ತಗಡಾದರೆ ಎರಡು ಸ್ಕ್ರೂ ನಡುವಿನ ಜಾಗದಲ್ಲೂ ಒಳ್ಳೆ ಮ್ಯಾಗ್ನೆಟ್ ಸ್ವಲ್ಪ ಜಗ್ಗುತ್ತದೆ. ಅಜ್ಜನ ಕಾಲದ ಹಲಗೆ ಗೋಡೆಯಾಗಿದ್ದರೆ ಈ ತಲೆಬಿಸಿಯೇ ಇರುತ್ತಿರಲಿಲ್ಲ, ಎಲ್ಲಿ ಬೇಕಾದರೂ ಮೊಳೆ ಹೊಡೆದು ಅಂಗಿ ನೇತುಹಾಕಬಹುದಿತ್ತು.

ಇನ್ನೊಂದು ಖರ್ಚಿಲ್ಲದ ದಾರಿ ಹೇಳ್ತೇನೆ. ರಾತ್ರಿ ಲೈಟ್ ಎಲ್ಲ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯ ಮೇಲೇ ಸವರಿಕೊಂಡು ಹೋಗುವ ಹಾಗೆ ಬಿಡಿ. ಹಗಲು ಗಾಜಿನ ಹಾಗೆ ಕಾಣುವ ಗೋಡೆಯಲ್ಲಿ ಸ್ಕ್ರೂ ಮೇಲೆ ಪುಟ್ಟಿ ಮೆತ್ತಿದ ಜಾಗಗಳು ಸಣ್ಣ ಸಣ್ಣ ಗುಳಿಯಾಗಿ ನೆರಳು ಬೀಳಿಸುತ್ತವೆ. ಜಾಯಿಂಟಿನ ಟೇಪ್ ಇರುವ ಕಡೆ ಉದ್ದಕ್ಕೆ ಒಂದು ತೆಳು ಉಬ್ಬು ಕಾಣಬಹುದು. ನಮ್ಮಲ್ಲಿ ಅದೂ ಬೇಡ, ಮಳೆಗಾಲದ ಥಂಡಿಗೆ ಸ್ಕ್ರೂ ತಲೆ ತುಕ್ಕು ಹಿಡಿದು ಪೇಂಟಿನ ಮೇಲೆ ಕಂದು ಚುಕ್ಕೆ ಸಾಲಾಗಿ ಎದ್ದುಬಿಡುತ್ತದೆ. ಹಾಸನದಲ್ಲಿ ನಿಮಗೆ ಆ ಭಾಗ್ಯ ಇಲ್ಲ ಬಿಡಿ.

ಚಿಕ್ಕಮಗಳೂರು_ವೈರಿಂಗ್

ಎಲ್ಲರೂ ಸ್ಕ್ರೂ ಹುಡುಕುತ್ತಿದ್ದೀರಿ, ವೈರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಪಾರ್ಟಿಷನ್‌ನಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಅದರ ಪೈಪ್ ಹೆಚ್ಚಾಗಿ ಮೇಲಿನಿಂದ ಇಳಿದಿರುತ್ತದೆ, ಬಾಕ್ಸ್ ಗಟ್ಟಿಯಾಗಿ ನಿಲ್ಲಲಿ ಅಂತ ಎಷ್ಟೋ ಸಲ ಚಾನೆಲ್ ಪಕ್ಕದಲ್ಲೇ ಕೂರಿಸಿರುತ್ತಾರೆ. ಅಂದ್ರೆ ಸ್ವಿಚ್ ಬೋರ್ಡಿನ ಒಂದು ಪಕ್ಕ ಚಾನೆಲ್ ಸಿಗುವ ಸಾಧ್ಯತೆ ಜಾಸ್ತಿ, ವೈರ್ ಸಿಗುವ ಸಾಧ್ಯತೆಯೂ ಅಷ್ಟೇ ಜಾಸ್ತಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ. ಎರಡು ಸ್ವಿಚ್ ಬೋರ್ಡ್ ಒಂದೇ ಎತ್ತರದಲ್ಲಿದ್ದರೆ ಅವೆರಡರ ನಡುವಿನ ಅಡ್ಡ ಗೆರೆಯನ್ನೂ ಬಿಡಿ, ಪೈಪ್ ಚಾನೆಲ್ ತೂತಿನಲ್ಲಿ ಅಡ್ಡಕ್ಕೆ ಹಾದಿರಬಹುದು.

ಮೆಷಿನ್ ವಿಷಯ. ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಬಾಷ್ ಜಿಎಂಎಸ್ 120 ಥರದ್ದು ಇದ್ದರೆ ಒಂದು ಗಂಟೆಗೆ ಕೇಳಿ ತಗೊಳ್ಳಿ. ಅದು ಕಬ್ಬಿಣ, ತಾಮ್ರ, ಮರ, ಕರೆಂಟ್ ಇರುವ ವೈರ್ ಎಲ್ಲ ತೋರಿಸುತ್ತದೆ. ಆದರೆ ಒಂದು ಸೂಕ್ಷ್ಮ ಇದೆ. ವೈರ್ ಹುಡುಕುವಾಗ ಮೇನ್ ಆನ್ ಇರಬೇಕು, ಯಾಕಂದ್ರೆ ಕರೆಂಟ್ ಇಲ್ಲದ ವೈರ್ 'ಲೈವ್' ಅಂತ ತೋರಿಸೋದಿಲ್ಲ. ಜನ ಜಾಗ್ರತೆ ಅಂದುಕೊಂಡು ಮೊದಲೇ ಎಂಸಿಬಿ ಇಳಿಸಿ ಆಮೇಲೆ ಹುಡುಕುತ್ತಾರೆ, ಏನೂ ಬೀಪ್ ಅನ್ನಲ್ಲ, ಖಾಲಿ ಇದೆ ಅಂದುಕೊಂಡು ಡ್ರಿಲ್ ಇಡುತ್ತಾರೆ. ಹುಡುಕುವಾಗ ಆನ್, ತೂತು ಹಾಕುವಾಗ ಆಫ್.

ಮೊಬೈಲ್ ಆ್ಯಪ್‌ಗಳೂ ಇವೆ. ಫೋನಿನೊಳಗಿನ ದಿಕ್ಸೂಚಿ ಸೆನ್ಸರ್‌ನಿಂದಲೇ ಅವು ಕೆಲಸ ಮಾಡೋದು, ಕಬ್ಬಿಣ ಹತ್ತಿರ ಬಂದರೆ ಅಂಕಿ ಏರುತ್ತದೆ. ಮರ ಗೊತ್ತಾಗಲ್ಲ, ವೈರ್ ಅಂತೂ ಕೇಳಲೇಬೇಡಿ. ಕಾಸಿಲ್ಲದ ಮ್ಯಾಗ್ನೆಟ್ಟೇ ವಾಸಿ.

ವಿದ್ಯಾನಗರ_ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಗ್ನೆಟ್ ಸಿಕ್ಕಿತು, ಮಗಳೇ ದಾರ ಹಿಡಿದು ಗೋಡೆ ಪೂರ್ತಿ ಚುಕ್ಕೆ ಇಟ್ಟಿದ್ದಾಳೆ. ಶೆಲ್ಫ್ ಬರುವ ಜಾಗದಲ್ಲಿ ಸರಿಯಾಗಿ 2 ಅಡಿಗೊಂದರಂತೆ ಮೂರು ಸಾಲು ಸಿಕ್ಕಿದೆ. ನಡುವಿನದ್ದು ಎರಡು ಸಾಲಿನ ಜಾಯಿಂಟ್, ಬಲಗಡೆಯದ್ದು ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಮೇಲೆ ಹೋಗುತ್ತದೆ. ಈಗ ಧೈರ್ಯವಾಗಿ ಸ್ಕ್ರೂ ಹೊಡೆಯಬಹುದಾ? ತೆಳು ತಗಡು ಅಷ್ಟು ಭಾರ ತಡೆಯುತ್ತಾ ಅನ್ನೋದೇ ಅನುಮಾನ.

ಬೇಲೂರು_ಇಂಟೀರಿಯರ್

ಒಳ್ಳೆ ಪ್ರಶ್ನೆ. ಮೊದಲು ಖಾತ್ರಿ ಮಾಡಿಕೊಳ್ಳಿ. ಎಂಸಿಬಿ ಇಳಿಸಿ, ಶೆಲ್ಫ್ ಮುಚ್ಚಿಕೊಳ್ಳುವ ಜಾಗದಲ್ಲೇ 2 ಮಿಮೀ ಬಿಟ್‌ನಿಂದ ಮೆಲ್ಲಗೆ ಒತ್ತಿ. ಬಲಗಡೆ ಸಾಲಿನಲ್ಲಿ ಸ್ವಿಚ್ ಬೋರ್ಡಿನ ಕಡೆಗೆ ವಾಲದೆ ನೋಡಿಕೊಳ್ಳಿ. ಮೊದಲು ಬಿಳಿ ಪುಡಿ ಬರುತ್ತದೆ, 12.5 ಮಿಮೀ ಆದ ಮೇಲೆ ಬಿಟ್ ತಡೆದು ನಿಂತು ಕಿರ್ ಅನ್ನುತ್ತದೆ, ಹೊರಗೆ ತೆಗೆದರೆ ತುದಿಯಲ್ಲಿ ಹೊಳೆಯುವ ತಗಡಿನ ಚೂರು ಇರುತ್ತದೆ. ಬಿಳಿ ಪುಡಿ ಬಂದು ಬಿಟ್ ದಡಕ್ಕನೆ ಒಳಗೆ ಹೋಯಿತು ಅಂದ್ರೆ ಪೊಳ್ಳು, ಅರ್ಧ ಇಂಚು ಪಕ್ಕಕ್ಕೆ ನೋಡಿ. ಚಾನೆಲ್ಲಿನ ಮುಖ ಒಂದೂವರೆ ಇಂಚೂ ಇರಲ್ಲ, ಅಂಚಿಗೆ ಬಿದ್ದರೆ ಹಿಡಿಯಲ್ಲ.

ಭಾರದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಒತ್ತಾಗಿ ಜೋಡಿಸಿದ ಪುಸ್ತಕ ಅಡಿಗೆ ಸುಮಾರು 10 ಕೆಜಿ ಅಂತ ಇಟ್ಟುಕೊಳ್ಳಿ, 4 ಅಡಿಗೆ 40 ಕೆಜಿ. ಮನೆ ಪಾರ್ಟಿಷನ್‌ಗೆ ಹಾಕುವ ಚಾನೆಲ್ ಅರ್ಧ ಮಿಲಿಮೀಟರ್ ಆಸುಪಾಸಿನ ತಗಡು, ಮರದ ಹಾಗೆ ಸ್ಕ್ರೂವನ್ನು ಕಚ್ಚಿ ಹಿಡಿಯೋದಿಲ್ಲ. ಗಡಿಯಾರ, ಫೋಟೋ, ಮೇಲೆ ನಾಲ್ಕು ಕಪ್ ಇಡುವ ಸಣ್ಣ ಶೆಲ್ಫ್, ಇವಕ್ಕೆ ನೇರ ಸ್ಕ್ರೂ ಸಾಕು. ಗೈಡುಗಳಿಗೆ ಎರಡು ದಾರಿ. ಒಂದು, ಕಾಲಿರುವ ರ‍್ಯಾಕ್ ನೆಲದ ಮೇಲೆ ನಿಲ್ಲಿಸಿ, ಮುಂದಕ್ಕೆ ಮಗುಚದ ಹಾಗೆ ಮಾತ್ರ ಈ ಚಾನೆಲ್‌ಗಳಿಗೆ ಕ್ಲಾಂಪ್ ಹಾಕೋದು. ನನ್ನನ್ನು ಕೇಳಿದರೆ ಇದೇ ಸುಲಭ.

ಗೋಡೆಗೇ ಬೇಕು ಅಂದ್ರೆ ಶೆಲ್ಫಿನ ಎತ್ತರದಲ್ಲಿ ಒಂದಡಿ ಪಟ್ಟಿ ಬೋರ್ಡ್ ಕೊಯ್ದು ತೆಗೆಸಿ, ಚಾನೆಲ್‌ಗಳ ನಡುವೆ 18 ಮಿಮೀ ಪ್ಲೈ ಕೂರಿಸಿ, ಎರಡೂ ತುದಿಗೆ ಎಲ್ ಕ್ಲಾಂಪ್ ಹಾಕಿ ಚಾನೆಲ್‌ಗೆ ಬಿಗಿಸಿ. ಬ್ರಾಕೆಟ್ ಸ್ಕ್ರೂ ಆ ಪ್ಲೈಗೆ ಹೋಗಬೇಕು. ಕೊಯ್ಯುವಾಗ ಚಾನೆಲ್ಲಿನ ಅಂಚಿಗೆ ಕೊಯ್ಯಬೇಡಿ, ನಟ್ಟನಡುವೆ ಕೊಯ್ಯಿ. ಆಗ ಉಳಿದ ಬೋರ್ಡಿಗೂ ಹೊಸ ತುಂಡಿಗೂ ಕೂರೋಕೆ ಜಾಗ ಸಿಗುತ್ತದೆ.

ಕೊಪ್ಪದ_ಕಡೆಯವ

ಕೊಯ್ಯುವ ದಿನ ಪುಸ್ತಕ, ಬಟ್ಟೆ ಎಲ್ಲ ರೂಮಿಂದ ಹೊರಗೆ ಹಾಕಿ, ಜಿಪ್ಸಮ್ ಧೂಳು ಎಲ್ಲಿ ನೋಡಿದರೂ ಕೂತಿರುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಪೇಂಟ್ ಶೇಡ್ ನಂಬರ್ ಇದೆಯಾ ನಿಮ್ಮ ಹತ್ತಿರ?

ವಿದ್ಯಾನಗರ_ಹಾಸನ

ಅರ್ಧ ಡಬ್ಬ ಪೇಂಟೇ ಉಳಿದಿದೆ, ಅಟ್ಟದ ಮೇಲಿದೆ. ಪ್ಲೈ ಹಾಕಿಸೋದು ಅಂತಾಯಿತು. ರ‍್ಯಾಕ್ ಇಡೋಕೆ ಅಲ್ಲಿ ಜಾಗ ಇಲ್ಲ, ಮೇಜು ಬರುತ್ತದೆ.