ಬಯೋಸೇಫ್ಟಿ ಕ್ಯಾಬಿನೆಟ್ ಅಲಾರಂ ನಿಲ್ಲುತ್ತಿಲ್ಲ, ಗೇಜ್ ಮುಳ್ಳು ಇಳಿದಿದೆ: ಫಿಲ್ಟರ್ ಹೋಯಿತಾ?

ಪ್ರಶ್ನೆ
ನಮ್ಮದು ಚಿಕ್ಕ ಲ್ಯಾಬ್. ಟಿಬಿ ಪರೀಕ್ಷೆಗೆ ಬರುವ ಕಫದ ಸ್ಯಾಂಪಲ್‌ಗಳನ್ನು ಕ್ಲಾಸ್ 2 ಎ2 ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲೇ (ರೋಗಾಣು ಹೊರಬರದಂತೆ ಗಾಳಿಯನ್ನು ಒಳಗೆಳೆದು ಸೋಸುವ, ಮುಂದೆ ಗಾಜಿರುವ ಪೆಟ್ಟಿಗೆ) ತೆರೆಯುತ್ತೇವೆ. ಮೊನ್ನೆಯಿಂದ ಏರ್‌ಫ್ಲೋ ಅಲಾರಂ ಬಡಿದುಕೊಳ್ಳುತ್ತಿದೆ. ಫಿಲ್ಟರ್ ಕಡೆಯ ಗಾಳಿಯ ಒತ್ತಡ ತೋರಿಸುವ ಗೇಜ್ ಯಾವಾಗಲೂ 0.6ರ ಹತ್ತಿರ ಇರುತ್ತಿತ್ತು, ಈಗ 0.4. ಮುಂದಿನ ಗಾಜು ಗುರುತಿನಲ್ಲೇ ಇದೆ. ಫಿಲ್ಟರ್ ಕಟ್ಟಿಕೊಂಡಿದೆ ಅನ್ನುತ್ತಾರೆ ಜೊತೆಯವರು. ಇಂಜಿನಿಯರ್ ಬರುವವರೆಗೆ ಮ್ಯೂಟ್ ಮಾಡಿ ಕೆಲಸ ನಡೆಸಬಹುದಾ?

ಉತ್ತರ
ದಯವಿಟ್ಟು ಬೇಡ. ನಿಮ್ಮನ್ನು ಕಾಯುವುದು ಗಾಜಲ್ಲ, ಮುಂದಿನ ಜಾಲರಿಯೊಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ನುಗ್ಗುವ ಗಾಳಿ. ಅದು ತಗ್ಗಿದರೆ ಒಳಗಿನದು ನಿಮ್ಮ ಮುಖಕ್ಕೆ ಬರಬಹುದು. ಸ್ಯಾಂಪಲ್‌ಗಳನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಇಲ್ಲವೇ ಬೇರೆ ಲ್ಯಾಬ್‌ಗೆ ಕಳಿಸಿ.

ಫಿಲ್ಟರ್ ಮೇಲೆ ನನಗೆ ಅನುಮಾನ ಕಡಿಮೆ. ಹೆಪಾ (ರೋಗಾಣು ಹಿಡಿಯುವ ಸೂಕ್ಷ್ಮ ಫಿಲ್ಟರ್) ಕಟ್ಟಿಕೊಂಡರೆ ಸಾಮಾನ್ಯವಾಗಿ ಮುಳ್ಳು ನಿಧಾನವಾಗಿ, ತಿಂಗಳುಗಟ್ಟಲೆ ಏರುತ್ತದೆ. ನಿಮ್ಮದು ಒಂದೇ ಸಲ ಇಳಿದಿದೆ. ಬ್ಲೋವರ್‌ಗೆ (ಗಾಳಿ ತಳ್ಳುವ ಫ್ಯಾನ್) ಗಾಳಿ ಸಿಗುತ್ತಿಲ್ಲ, ಅಥವಾ ಬ್ಲೋವರ್ರೇ ಸೋತಿದೆ. ಅಲಾರಂ ಶುರುವಾಗುವ ಮುಂಚೆ ಒಳಗೆ ಟಿಶ್ಯೂ ಬಳಸಿದ್ದಿರಾ? ಜಾಲರಿ ಮೇಲೆ ಏನಾದರೂ ಇಟ್ಟಿದ್ದಿರಾ?

ಪ್ರಶ್ನೆ ಕೇಳಿದವರು
ರಿಜಿಸ್ಟರ್ ಜಾಲರಿ ಮೇಲೇ ಇರುತ್ತದೆ, ಬರೆಯಲು ಸುಲಭ ಅಂತ. ತೆಗೆದರೂ ಅಲಾರಂ ನಿಲ್ಲಲಿಲ್ಲ. ಟಿಶ್ಯೂ... ಹೌದು. ಅವತ್ತು ಹಿಂದಿನ ಗೋಡೆ ಒರೆಸುವಾಗ ಒಂದು ಹಾಳೆ ಕೈಯಿಂದ ಜಾರಿ ಗಾಳಿ ಹೋಗುವ ಸೀಳಿನೊಳಗೆ ಹೋಯಿತು. ಯಾರಿಗೂ ಹೇಳಿರಲಿಲ್ಲ.

ಉತ್ತರ
ಈಗ ಹೇಳಿದಿರಲ್ಲ, ಒಳ್ಳೆಯದಾಯಿತು. ಬಹುಶಃ ಅದೇ. ಸುರಕ್ಷತೆ ನೋಡಿಕೊಳ್ಳುವವರಿಗೆ ಇವತ್ತೇ ತಿಳಿಸಿ. ಅಲಾರಂ ಹೊಡೆಯುತ್ತಿದ್ದಾಗ ಯಾರಾದರೂ ಸ್ಯಾಂಪಲ್ ತೆರೆದಿದ್ದರೆ ಅದನ್ನೂ ಹೇಳಿ. ಪ್ಯಾನೆಲ್ ಮಾತ್ರ ನೀವು ಬಿಚ್ಚಬೇಡಿ. ಟಿಬಿ ಕೆಲಸ ಮಾಡಿದ ಕ್ಯಾಬಿನೆಟ್‌ನ ಒಳಭಾಗ ತೆರೆಯುವ ಮುಂಚೆ ರೋಗಾಣು ಕೊಲ್ಲುವ ಗ್ಯಾಸ್ ಬಿಟ್ಟು ಶುದ್ಧ ಮಾಡಲೇಬೇಕು.

ಇನ್ನು ಮೇಲೆ ದೊಡ್ಡ, ದಪ್ಪ ಬಟ್ಟೆಯಿಂದ ಒರೆಸಿ, ಟಿಶ್ಯೂ ಬೇಡ. ಬ್ಲೀಚ್ ಹಾಕಿದರೆ ಹತ್ತು ನಿಮಿಷ ಬಿಟ್ಟು ಸ್ಟೆರೈಲ್ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ಸ್ಟೀಲ್ ಮೇಲೆ ಗುಳಿ ಬೀಳುತ್ತವೆ. ಸ್ಪಿರಿಟ್ ದೀಪವೂ ಬೇಡ, ಬಿಸಿ ಗಾಳಿ ಮೇಲಿಂದ ಇಳಿಯುವ ಗಾಳಿಯನ್ನು ಕದಡುತ್ತದೆ.

ಒಂದು ಸಣ್ಣ ಉಪಾಯ: ಗಾಜಿನ ಕೆಳ ಅಂಚಿಗೆ ತೆಳು ಕಾಗದದ ಪಟ್ಟಿಯೊಂದನ್ನು ಗಟ್ಟಿಯಾಗಿ ಅಂಟಿಸಿ. ಬ್ಲೋವರ್ ಹಾಕಿ ಐದು ನಿಮಿಷ ಕಾದ ಮೇಲೆ ಅದು ಒಳಕ್ಕೆ ಬಾಗಿರಬೇಕು. ನೇರ ನೇತಾಡುತ್ತಿದ್ದರೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು (ಎಂಟು ದಿನದ ನಂತರ)
ಇಂಜಿನಿಯರ್ ಗ್ಯಾಸ್ ಮಾಡಿ ತೆರೆದರು. ಬ್ಲೋವರ್ ಬಾಯಿಗೆ ಟಿಶ್ಯೂ ಮೆತ್ತಿಕೊಂಡಿತ್ತು, ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಫಿಲ್ಟರ್ ಚೆನ್ನಾಗಿದೆ. ಹೊಗೆ ಪರೀಕ್ಷೆ, ವೇಗದ ಅಳತೆ ಎರಡೂ ಪಾಸ್. ಗೇಜ್ ಮತ್ತೆ 0.6. ರಿಜಿಸ್ಟರ್ ಈಗ ಪಕ್ಕದ ಟೇಬಲ್ ಮೇಲಿದೆ.