ಆಸ್ಟ್ರಿಯಾದ ಸರೋವರದ ಊರುಗಳು ಕಾರಿನಲ್ಲಿ: ದಿನಕ್ಕೊಂದು ಊರಿನಲ್ಲಿ ತಂಗಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ಸೆಪ್ಟೆಂಬರ್‌ನಲ್ಲಿ ಒಂದು ವಾರ ಆಸ್ಟ್ರಿಯಾಕ್ಕೆ ಹೋಗುತ್ತಿದ್ದೇವೆ. ಅಪ್ಪ, ಅಮ್ಮ, ನಾವಿಬ್ಬರು, ಹತ್ತು ವರ್ಷದ ಮಗಳು. ಸಾಲ್ಜ್‌ಬರ್ಗ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಮೊಂಡ್‌ಸೀ, ಸಾಂಕ್ಟ್ ವೋಲ್ಫ್‌ಗಾಂಗ್, ಹಾಲ್‌ಸ್ಟಾಟ್, ಗ್ಮುಂಡೆನ್, ಜೆಲ್ ಆಮ್ ಜೀ ಹೀಗೆ ದಿನಕ್ಕೊಂದು ಊರಿನಲ್ಲಿ ತಂಗುವ ಯೋಚನೆ. ಕೊನೆಗೆ ಗ್ರಾಸ್‌ಗ್ಲಾಕ್ನರ್ ಘಾಟಿ. ಪ್ಲಾನ್ ಸರಿಯಾಗಿದೆಯಾ?

ಉತ್ತರ: ನಮಸ್ತೆ. ಊರುಗಳ ಆಯ್ಕೆ ಚೆನ್ನಾಗಿದೆ, ಆದರೆ ದಿನಾ ಗಂಟುಮೂಟೆ ಕಟ್ಟುವುದು ಬೇಡ. ನೀವು ಹೇಳಿದ ಮೊದಲ ನಾಲ್ಕು ಊರುಗಳೂ ಸಾಲ್ಜ್‌ಕಾಮರ್‌ಗುಟ್ ಎಂಬ ಸರೋವರಗಳ ಪ್ರದೇಶದವೇ. ಸಾಂಕ್ಟ್ ವೋಲ್ಫ್‌ಗಾಂಗ್ ಊರಿರುವ ವೋಲ್ಫ್‌ಗಾಂಗ್‌ಜೀ ಸರೋವರದ ದಡದಲ್ಲಿ ಉಳಿದುಕೊಂಡರೆ ಉಳಿದವಕ್ಕೆಲ್ಲ ಸುಮಾರು ಒಂದು ಗಂಟೆಯ ದಾರಿ. ಅಲ್ಲೇ ನಾಲ್ಕು ರಾತ್ರಿ ಇರಿ. ಕೊನೆಯ ಎರಡು ರಾತ್ರಿ ಜೆಲ್ ಆಮ್ ಜೀಗೆ ಹೋಗಿ, ಘಾಟಿಗೆ ಅಲ್ಲಿಂದ ಹತ್ತಿರ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಸರೋವರದ ಊರು ಚೆನ್ನಾಗಿ ಕಾಣುವುದು ಬೆಳಿಗ್ಗೆ ಮತ್ತು ಸಂಜೆ. ದಿನಾ ಜಾಗ ಬದಲಿಸುವವರು ಆ ಹೊತ್ತನ್ನೆಲ್ಲ ಚೆಕ್ ಇನ್, ಚೆಕ್ ಔಟ್‌ನಲ್ಲೇ ಕಳೆದುಬಿಡುತ್ತಾರೆ.

ಹಾಲ್‌ಸ್ಟಾಟ್‌ಗಂತೂ ಬೇಗ ಹೊರಡಿ. ಸುಮಾರು 750 ಜನರ ಊರು ಅದು. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರದೇಶ. ಹತ್ತು ಗಂಟೆಯ ಮೇಲೆ ಬಸ್ಸುಗಳು ಬಂದರೆ ಕಾಲಿಡಲೂ ಜಾಗ ಇರುವುದಿಲ್ಲ. ಹಳೇ ಊರಿನೊಳಗೆ ಹೊರಗಿನವರ ಕಾರು ಬಿಡುವುದಿಲ್ಲ, ಊರಾಚೆಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯಬೇಕು. ಎಲ್ಲರೂ ದಡದಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಚರ್ಚಿನ ಪಕ್ಕದ ಮೂಳೆ ಮನೆಗೂ ಹೋಗಿ. ಬೆಟ್ಟಕ್ಕೂ ನೀರಿಗೂ ನಡುವೆ ಸಿಕ್ಕಿಕೊಂಡ ಊರು, ಹೂಳಲು ಜಾಗ ಕಡಿಮೆ. ಹಾಗಾಗಿ ಕೆಲವು ವರ್ಷ ಕಳೆದ ಮೇಲೆ ಮೂಳೆಗಳನ್ನು ಹೊರತೆಗೆದು ಇಲ್ಲಿ ಜೋಡಿಸಿಡುತ್ತಿದ್ದರು. ತಲೆಬುರುಡೆಗಳ ಮೇಲೆ ಹೆಸರು ಬರೆದು, ಎಲೆ, ಹೂವಿನ ಬಳ್ಳಿ ಬಿಡಿಸಿದ್ದಾರೆ. ಮಗಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಅಪ್ಪ ಅಮ್ಮನಿಗೆ ಹಾಲ್‌ಸ್ಟಾಟ್ ಕಡೆಯ ಗೋಸೌ ಸರೋವರ ಖಂಡಿತ ಇಷ್ಟವಾಗುತ್ತದೆ. ಸುತ್ತಲೂ ಹೆಚ್ಚು ಏರಿಳಿತವಿಲ್ಲದ ದಾರಿ, ಎದುರಿಗೇ ಡಾಖ್‌ಸ್ಟೈನ್ ಬೆಟ್ಟ. ಸಾಂಕ್ಟ್ ವೋಲ್ಫ್‌ಗಾಂಗ್‌ನಿಂದ ಶಾಫ್‌ಬರ್ಗ್ ಬೆಟ್ಟಕ್ಕೆ 1893ರಿಂದ ಹಲ್ಲುಗಾಲಿ ರೈಲು ಓಡುತ್ತಿದೆ, ಟಿಕೆಟ್ ಮೊದಲೇ ಮಾಡಿಸಿ.

ಇನ್ನು ಕಾರಿನ ವಿಷಯ. ಐದು ಜನರ ಪೆಟ್ಟಿಗೆಗಳಿಗೆ ಡಿಕ್ಕಿ ದೊಡ್ಡದಿರಲಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜೊತೆ ಮೂಲ ಲೈಸೆನ್ಸೂ ಇರಬೇಕು. ಮಗಳ ಎತ್ತರ 135 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮಕ್ಕಳ ಸೀಟು ಕಡ್ಡಾಯ. ಹೆದ್ದಾರಿಗೆ ವಿನ್ಯೆಟ್, ಅಂದರೆ ಮೊದಲೇ ಕೊಳ್ಳುವ ಟೋಲ್ ಪಾಸ್, ಬೇಕು. ಕಾರಿಗೆ ಅದು ಇದೆಯಾ ಅಂತ ಕೀ ತೆಗೆದುಕೊಳ್ಳುವಾಗಲೇ ಕೇಳಿ. ಗ್ರಾಸ್‌ಗ್ಲಾಕ್ನರ್‌ಗೆ ಟೋಲ್ ಬೇರೆಯೇ.

ಇನ್ನೊಬ್ಬ ಸದಸ್ಯರು: ಮೇಡಂ, ಆ ಘಾಟಿ ಇಳಿಯುವಾಗ ಬ್ರೇಕ್ ಕಾಯುತ್ತದೆ ಅಂತಾರೆ. ಆಟೋಮ್ಯಾಟಿಕ್ ಕಾರಾದರೆ ಏನು ಮಾಡಬೇಕು?

ಉತ್ತರ: ಒಳ್ಳೆಯ ಪ್ರಶ್ನೆ. 1935ರಲ್ಲಿ ತೆರೆದ ಈ ರಸ್ತೆ 48 ಕಿ.ಮೀ. ಉದ್ದ, 36 ಹಿಮ್ಮುರಿ ತಿರುವುಗಳು. 2,504 ಮೀಟರ್‌ವರೆಗೆ ಏರಿ ಇಳಿಯಬೇಕು. ಆಟೋಮ್ಯಾಟಿಕ್ ಅಂತ ಸುಮ್ನೆ 'ಡಿ'ಯಲ್ಲೇ (ಡ್ರೈವ್) ಬಿಟ್ಟು ಇಳಿಯಬೇಡಿ. ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡು ಅಥವಾ ಮೂರನೇ ಗೇರ್‌ನಲ್ಲಿ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ಎಂಜಿನ್ ಸದ್ದು ಜಾಸ್ತಿಯಾದರೆ ಗಾಬರಿ ಬೇಡ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಕಾದ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಮುಂದೆ ಕಾರು ನಿಲ್ಲಿಸಲು ಸಿಗುವ ಜಾಗದಲ್ಲಿ ನಿಂತು ಚೆನ್ನಾಗಿ ಆರಲು ಬಿಡಿ. ನೀರು ಮಾತ್ರ ಹಾಕಬೇಡಿ.

ಹೊರಡುವ ಬೆಳಿಗ್ಗೆ ಈ ರಸ್ತೆಯ ವೆಬ್‌ಕ್ಯಾಮ್ ನೋಡಿಕೊಳ್ಳಿ. ಸೆಪ್ಟೆಂಬರ್‌ನಲ್ಲೂ ಮೇಲೆ ಹಿಮ ಬೀಳಬಹುದು. ಜೆಲ್ ಆಮ್ ಜೀಯಲ್ಲಿ ಎರಡು ರಾತ್ರಿ ಹೇಳಿದ್ದೇ ಅದಕ್ಕೆ, ಒಂದು ದಿನ ಮೋಡವಿದ್ದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ.