ಸಹಾಯ ಬೇಕು: ಹಳದಿ ಚೀಲ 48 ಗಂಟೆ ಮೀರಿದರೆ ಮಂಡಳಿಗೆ ಪತ್ರ ಹೇಗೆ?

ಎಲ್ಲರಿಗೂ ನಮಸ್ಕಾರ. ತಾಲ್ಲೂಕಿನ ಸಣ್ಣ ಆಸ್ಪತ್ರೆಗಳ ಪರವಾಗಿ ಕೇಳುತ್ತಿದ್ದೇವೆ. ತ್ಯಾಜ್ಯ ಒಯ್ಯುವ ಗಾಡಿ ಮೂರು ದಿನಕ್ಕೊಮ್ಮೆ ಮಾತ್ರ ಬರುತ್ತಿದೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅಂಗಾಂಶ, ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜ್ (ಸುಡಲು ಹಳದಿ ಚೀಲದಲ್ಲಿ ತುಂಬುವ ತ್ಯಾಜ್ಯ) ಇವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಇಡಲೇಬೇಕಾದರೆ ಹಾನಿಯಾಗದಂತೆ ಕ್ರಮ ಕೈಗೊಂಡು, ಕಾರಣ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು.

ಪ್ರಾದೇಶಿಕ ಕಚೇರಿಗೆ ಇಂಥ ಪತ್ರ ಕೊಟ್ಟವರು ದಯವಿಟ್ಟು ಮಾದರಿ ಹಾಕಿ. ಚೀಲಗಳ ಬಾರ್‌ಕೋಡ್ ವಿವರ, ತೂಕದ ದಾಖಲೆ, ಗಾಡಿ ಬಾರದ ದಿನಾಂಕಗಳನ್ನು ಲಗತ್ತಿಸಿದ್ದೀರಾ? ಪ್ರತಿ ಸಲವೂ ಬರೆಯಬೇಕೇ, ಒಂದೇ ಪತ್ರ ಸಾಕೇ?

ಒಂದು ವಿನಂತಿ: ವಾಸನೆ ತಡೆಯಲು ಹಳದಿ ಚೀಲಕ್ಕೆ ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಸೋಂಕುನಿವಾರಕ) ಸುರಿಯಿರಿ ಎಂಬ ಸಲಹೆ ಬೇಡ. ಮೇಲೆ ಹೇಳಿದ ತ್ಯಾಜ್ಯಕ್ಕೆ ಸುಡುವ ಮುನ್ನ ರಾಸಾಯನಿಕ ಸಂಸ್ಕರಣೆ ನಿಷಿದ್ಧ. ಕ್ಲೋರಿನ್ ಸೇರಿದರೆ ಉರಿಯುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಉಸಿರಾಡುವವರು ತ್ಯಾಜ್ಯ ಸುಡುವ ಘಟಕದ ಕೆಲಸಗಾರರು, ಸುತ್ತಲಿನ ಊರಿನವರು.

75 ಕಿ.ಮೀ. ಒಳಗೆ ಸಾಮೂಹಿಕ ಘಟಕ (ಹಲವು ಆಸ್ಪತ್ರೆಗಳ ತ್ಯಾಜ್ಯ ಸಂಸ್ಕರಿಸುವ ಕೇಂದ್ರ) ಇರುವುದರಿಂದ ಸ್ವಂತ ಸಂಸ್ಕರಣಾ ಘಟಕಕ್ಕೂ ಅವಕಾಶವಿಲ್ಲ. ಗಾಡಿ ಬರುವವರೆಗೆ ತ್ಯಾಜ್ಯವನ್ನು ಡೀಪ್ ಫ್ರೀಜರ್‌ನಲ್ಲಿ ಇಡುತ್ತಿರುವವರಿದ್ದರೆ ಎಷ್ಟು ಲೀಟರಿನದು ಸಾಕಾಯಿತು, ಪರಿಶೀಲನೆಗೆ ಬಂದ ಅಧಿಕಾರಿಗಳು ಒಪ್ಪಿದರೇ ತಿಳಿಸಿ.